ಮೊದಲು ಫೀಜು ಕಟ್ರಿ ಅನ್ನುವವರಿಗೆ

ಹಾಸ್ಟೆಲ್ಲಿನ ಗೆಳೆಯರೇ, ಗೆಳತಿಯರೇ,

ವಿದ್ಯಾರ್ಥಿ ವೇತನ ಯಾರಪ್ಪನ ದಾನವೂ ಅಲ್ಲ. ವೈಸರಾಯನ ಕಾರ್ಯಕಾರಿ ಮಂಡಳಿಯಲ್ಲಿದ್ದ ಬಾಬಾಸಾಹೇಬರು 1942ರಲ್ಲಿ ಮನವಿಪತ್ರ ಬರೆದು, ನಮ್ಮ ಮಕ್ಕಳ ಉನ್ನತ ಓದಿಗೆ ಸರ್ಕಾರದ ಬೊಕ್ಕಸದಿಂದಲೇ ಹಣ ಬರಬೇಕು ಎಂದು ಕೇಳಿದರು. 1944ರಲ್ಲಿ ಯೋಜನೆ ಬಂತು. ಇವತ್ತು ನಾವು ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಅನ್ನುವುದು ಅದನ್ನೇ. ಎಂಬತ್ತು ವರ್ಷ ದಾಟಿತು. ಆದರೂ ಕೌಂಟರಿನ ಹಿಂದೆ ಕೂತವರು "ನಿಮಗೇನ್ರೀ, ಎಲ್ಲಾ ಪುಕ್ಕಟೆ" ಎಂದು ನಗುತ್ತಾರೆ.

ಈ ಪುಕ್ಕಟೆಯ ಲೆಕ್ಕ ನೋಡೋಣ. 2021ರ ಮಾರ್ಗಸೂಚಿಯಂತೆ ಮನೆಯಿಂದ ಓಡಾಡಿ ಬಿ.ಎ. ಓದುವವನ ಖರ್ಚಿಗೆ ವರ್ಷಕ್ಕೆ 3,000 ರೂಪಾಯಿ. ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಗಾದಿಗನೂರಿನಿಂದ ಹೊಸಪೇಟೆಗೆ ಹೋಗಿಬರುವ ಬಸ್ ಚಾರ್ಜಿಗಾದರೂ ಸಾಲುತ್ತದೆಯೇ? (ತಂಗಿಯರಿಗೆ 2023ರಿಂದ ಬಸ್ಸು ಉಚಿತ, ಸಂತೋಷ. ಕೈ ಮಾಡಿದಾಗ ನಿಲ್ಲಿಸಿದರೆ ಇನ್ನೂ ಸಂತೋಷ.)

ಇನ್ನು ಬಡತನದ ಗೆರೆ. ಅಪ್ಪ ತೋರಣಗಲ್ಲಿನ ಕಡೆ ಗುತ್ತಿಗೆ ಕೂಲಿ, ಅವ್ವ ಹೊಲದ ಕೂಲಿ. ಇಬ್ಬರಿಗೂ ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 26 ದಿನ ಕೆಲಸ ಸಿಕ್ಕಿತು ಅನ್ನಿ. ವರ್ಷಕ್ಕೆ 2,49,600. ಮಗಳು ಬಡವಿ, ಅರ್ಜಿ ಹಾಕಬಹುದು. ಕೂಲಿ ಹತ್ತೇ ಹತ್ತು ರೂಪಾಯಿ ಏರಿತು ಅನ್ನಿ. 2,55,840. ಮಗಳು ಸಾಹುಕಾರ್ತಿ! ಈ ಎರಡೂವರೆ ಲಕ್ಷದ ಗೆರೆ 2013ರಲ್ಲಿ ಎಳೆದದ್ದು. 2021ರಲ್ಲಿ ಹೊಸ ಮಾರ್ಗಸೂಚಿ ಬರೆದವರೂ ಅದನ್ನು ಅಳಿಸಲಿಲ್ಲ. ಅದೇ ದಿಲ್ಲಿ 2019ರಲ್ಲಿ ಮೇಲ್ಜಾತಿಯ 'ಬಡವರಿಗೆ' ಶೇಕಡಾ 10 ಮೀಸಲಾತಿ ಕೊಟ್ಟಾಗ ಎಳೆದ ಗೆರೆ ಎಷ್ಟು? ಎಂಟು ಲಕ್ಷ. ಬಡತನಕ್ಕೂ ಜಾತಿ ಐತಿ ನೋಡ್ರಿ.

ಆದರೆ ನಮ್ಮ ಹುಡುಗರ ಕುತ್ತಿಗೆ ಹಿಡಿಯುವುದು ಅಡ್ಮಿಷನ್ನಿನ ದಿನ. ರೊಕ್ಕ ಬರುವ ದಾರಿ ಕೇಳಿ. ನಾಡಕಚೇರಿಯ ಜಾತಿ ಪತ್ರದ ನಂಬರು, ಆದಾಯ ಪತ್ರದ ನಂಬರು, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ನಮ್ಮ ಜಾತಿ ಊರಿಗೆಲ್ಲ ಗೊತ್ತು, ಚಹಾದಂಗಡಿಯ ಲೋಟಕ್ಕೂ ಗೊತ್ತು, ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ! ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೆ ಅರ್ಜಿ ಅಲ್ಲೇ ನಿಂತಿತು. ಎಲ್ಲ ಸರಿಯಾದರೆ ಕಾಲೇಜು ಒಪ್ಪಬೇಕು, ಇಲಾಖೆ ಮಂಜೂರು ಮಾಡಬೇಕು, ರಾಜ್ಯ ತನ್ನ ಶೇಕಡಾ 40 ಪಾಲು ಹಾಕಬೇಕು. ಆಮೇಲೆ ಕೇಂದ್ರದ 60. ಅಷ್ಟರಲ್ಲಿ ಪರೀಕ್ಷೆ ಬಂದು ನಿಂತಿರುತ್ತದೆ.

ಕಾಲೇಜಿನವರು ಕಾಯುತ್ತಾರೆಯೇ? "ಮೊದಲು ಫೀಜು ಕಟ್ರಿ, ಸ್ಕಾಲರ್‌ಶಿಪ್ ಬಂದಾಗ ನೀವೇ ಇಟ್ಕೊಳ್ರಿ." ಅವ್ವನ ಕಿವಿಯೋಲೆ ಅಡವಿಗೆ ಹೋಗುತ್ತದೆ. ಅದೂ ಇಲ್ಲದವರು ಸಾಲ ತರುತ್ತಾರೆ. 20,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಹತ್ತು ತಿಂಗಳ ಬಡ್ಡಿ 6,000. ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಓದುವವನಿಗೆ ಸರ್ಕಾರ ಇಡೀ ವರ್ಷಕ್ಕೆ ಗೊತ್ತುಮಾಡಿದ್ದೂ ಸರಿಯಾಗಿ 6,000! ಹಾಗಾದರೆ ಸರ್ಕಾರ ಓದಿಸುತ್ತಿರುವುದು ನಮ್ಮನ್ನೋ, ಬಡ್ಡಿಯವನ ಮಕ್ಕಳನ್ನೋ?

ಇದೆಲ್ಲ ಆಗಬಾರದೆಂದೇ ಅದೇ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದಿದೆ. ಅರ್ಹ ವಿದ್ಯಾರ್ಥಿಗೆ ರಾಜ್ಯ ಆ ಕಾರ್ಡು ಕೊಡಬೇಕು. ಅದನ್ನು ತೋರಿಸಿದರೆ ಮುಂಗಡ ಫೀಜಿಲ್ಲದೆ ಸೀಟು ಕೊಡಬೇಕು. ಹಣ ಖಾತೆಗೆ ಬಂದ ಮೇಲೆ ವಿದ್ಯಾರ್ಥಿ ಕಟ್ಟುತ್ತಾನೆ. ಕಾಗದದಲ್ಲಿ ಇದೆ. ನಿಮ್ಮ ಕೈಯಲ್ಲಿ ಇದೆಯೇ? ನಿಮ್ಮ ಕಾಲೇಜಿನ ಬೋರ್ಡಿನಲ್ಲಿ ಈ ಮಾತು ಅಂಟಿಸಿದ್ದಾರೆಯೇ?

ರೊಕ್ಕ ಇಲ್ಲ ಅಂತ ಮಾತ್ರ ಬೆಂಗಳೂರಿನವರು ಹೇಳಬಾರದು. ನಮ್ಮ ಪಾಲಿನ ಹಣ ನಮಗೇ ಖರ್ಚಾಗಬೇಕು ಎಂದು 2013ರಲ್ಲಿ ಕಾಯ್ದೆ ಮಾಡಿದರು. ಅದೇ ಪಾಲಿನಿಂದ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದರು. ನಮ್ಮ ತಟ್ಟೆಯ ಅನ್ನ ತೆಗೆದು ಎಲ್ಲರಿಗೂ ಬಡಿಸಿ, ನಿಮಗೂ ಒಂದು ತುತ್ತು ಬಂತಲ್ಲ ಅಂತಾರೆ!

ಗೆಳೆಯರೇ, ಈ ಸಲ ಒಬ್ಬೊಬ್ಬರೇ ಹೋಗಿ ಕೈಕಟ್ಟಿ ನಿಲ್ಲಬೇಡಿ. ಹತ್ತು ಜನ ಕೂಡಿ ಹೋಗಿ. ಫ್ರೀಶಿಪ್ ಕಾರ್ಡು ಎಲ್ಲಿ ಎಂದು ಸಮಾಜ ಕಲ್ಯಾಣ ಇಲಾಖೆಗೆ ಬರೆದುಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಫೀಜಿಲ್ಲದೆ ಸೀಟಿಲ್ಲ ಅಂದರೆ ಆ ಮಾತನ್ನೇ ಬರೆದುಕೊಡಿ ಅನ್ನಿ. ಬಾಯಲ್ಲಿ ಗದರಿಸುವವರು ಕಾಗದ ಕೇಳಿದರೆ ಮೆತ್ತಗಾಗುತ್ತಾರೆ. ಆ ಕಾಗದ, ಕಟ್ಟಿದ ಫೀಜಿನ ರಸೀದಿ ಎಲ್ಲವನ್ನೂ ಮುಂದಿನ ಸಭೆಗೆ ತನ್ನಿ. ಅರ್ಜಿ ತುಂಬಲು ತಿಳಿಯದವರಿಗೆ ನಾವು ಕೂತು ತುಂಬಿಕೊಡುತ್ತೇವೆ. ಫೀಜಿಗಾಗಿ ಕಾಲೇಜು ಬಿಟ್ಟು ಕೂಲಿಗೆ ಹೋದ ಹುಡುಗ ನಿಮ್ಮ ಕೇರಿಯಲ್ಲಿದ್ದರೆ ಅವನನ್ನೂ ಕರೆದುಕೊಂಡು ಬನ್ನಿ.

ಜೈ ಭೀಮ್.