ಒಗಟು ಬಿಡಿಸಿದ ಮೇಲೆ

ಅರ್ಥವಾಗದ ಚಿತ್ರವನ್ನು ಕಂಡಾಗ ನಮ್ಮಲ್ಲಿ ಎರಡು ಬಗೆಯ ಅವಸರ ತಲೆದೋರುತ್ತದೆ. ತಿಳಿಯಲಿಲ್ಲವೆಂದು ಅದನ್ನು ಅತ್ತ ನೂಕುವುದು ಒಂದು. ಹೇಗೋ ಗಂಟನ್ನು ಬಿಚ್ಚಿ, ಇಷ್ಟೇ ತಾನೆ ಎಂದು ಕೈ ತೊಳೆದುಕೊಳ್ಳುವುದು ಇನ್ನೊಂದು. ಪವನ್ ಕುಮಾರರ ‘ಲೂಸಿಯಾ’ (2013) ಈ ಎರಡು ಅವಸರಗಳನ್ನೂ ಮೀರಿ ನೋಡಬೇಕಾದ ಚಿತ್ರ.

ಅದರ ಕಥೆ ವಿಜ್ಞಾನದ ಒಂದು ಕಲ್ಪನೆಯನ್ನು ಆಶ್ರಯಿಸಿದೆ. ಚಿತ್ರಮಂದಿರದ ಕತ್ತಲೆಯಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ಅವನಿಗೆ ದೊರೆತ ಮಾತ್ರೆಯೊಂದು ಬಯಸಿದ ಕನಸನ್ನೇ ರಾತ್ರಿಯಿಂದ ರಾತ್ರಿಗೆ ಮುಂದುವರಿಸಿಕೊಡುತ್ತದೆ. ಆ ಕನಸಿನಲ್ಲಿ ಅವನು ಹೆಸರಾಂತ ನಟ. ನಟನ ಲೋಕವೆಲ್ಲ ಕಪ್ಪು ಬಿಳುಪು. ಟಾರ್ಚಿನವನ ಲೋಕ ಬಣ್ಣದ್ದು. ಬಿಡುಗಡೆಯಾಗಿ ಹತ್ತು ವರ್ಷಗಳ ಮೇಲಾದುದರಿಂದ ಗುಟ್ಟನ್ನು ಹೇಳಿದರೆ ವಾಚಕರು ಕ್ಷಮಿಸಿಯಾರು: ಕಪ್ಪು ಬಿಳುಪಿನದೇ ನಿಜ, ಬಣ್ಣದ್ದೇ ಕನಸು.

ಗುಟ್ಟು ತಿಳಿದ ಮಾತ್ರಕ್ಕೆ ಚಿತ್ರ ಮುಗಿಯಿತೇ? ನಮ್ಮ ಬೆಡಗಿನ ವಚನಗಳಿಗೆ ಟೀಕುಗಳು ಹುಟ್ಟಿ ಶತಮಾನಗಳಾದುವು. ಅವು ಬಾಗಿಲನ್ನು ತೆರೆದುವು. ಮನೆಯನ್ನು ಬರಿದು ಮಾಡಲಿಲ್ಲ. 1968ರಲ್ಲಿ ಕ್ಯೂಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ತೆರೆಗೆ ತಂದಾಗ, ಚಿತ್ರವು ಮೌನದಲ್ಲಿ ಬಿಟ್ಟ ಎಷ್ಟೋ ಸಂಗತಿಗಳನ್ನು ಆರ್ಥರ್ ಕ್ಲಾರ್ಕ್ ಅದೇ ವರ್ಷ ಬಂದ ತಮ್ಮ ಕಾದಂಬರಿಯಲ್ಲಿ ಬಿಡಿಸಿ ಹೇಳಿದರು. ಆದರೂ ತೆರೆಯ ಮೇಲಣ ಆ ಕಪ್ಪು ಶಿಲೆಯ ಮುಂದೆ ನಮ್ಮ ಬೆರಗು ಇಂಗುವುದಿಲ್ಲ.

‘ಲೂಸಿಯಾ’ದಲ್ಲಿ ಉತ್ತರ ದೊರೆತ ಬಳಿಕವೇ ನಿಜವಾದ ಪ್ರಶ್ನೆ ಏಳುತ್ತದೆ. ಕೀರ್ತಿ ಸಂಪತ್ತುಗಳನ್ನು ಪಡೆದವನು ಕನಸಿನಲ್ಲಿ ಬಯಸಿದ್ದಾದರೂ ಏನನ್ನು? ಯಾರೂ ಗುರುತಿಸದ ದುಡಿಮೆಯನ್ನು, ನಟನೆಂದು ತಿಳಿಯದೆಯೂ ತನ್ನನ್ನು ಒಲಿಯುವ ಹೆಣ್ಣನ್ನು. ಇದನ್ನರಿತು ಮತ್ತೊಮ್ಮೆ ನೋಡಿದರೆ, ಮೊದಲ ಸಲ ನಕ್ಕ ಎಡೆಯಲ್ಲಿಯೇ ಎದೆ ಭಾರವಾಗುತ್ತದೆ.

ಬಡತನವೇ ಸುಖವೆಂದು ಚಿತ್ರ ಸಾರುತ್ತದೆಂದು ಕೆಲವರು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಇಲ್ಲಿ ಬಡತನಕ್ಕೆ ಬಣ್ಣ ಬಳಿದವನು ಅದನ್ನು ಕನಸಿನಲ್ಲಿ ಕಂಡ ಸಿರಿವಂತ. ಕೊತ್ತತ್ತಿಯ ಕಡೆಯಿಂದ ಕೂಲಿಗೋ ನೌಕರಿಗೋ ಬೆಂಗಳೂರಿನ ಬಸ್ಸು ಹತ್ತುವ ತರುಣನಿಗೆ ಬಣ್ಣ ಕಾಣುವುದು ನಗರದಲ್ಲಿ. ನಗರದಲ್ಲಿ ನೆಲೆಸಿದವನಿಗೆ ಅದು ಕಾಣುವುದು ಬಿಟ್ಟುಬಂದ ಕಬ್ಬಿನ ಬಯಲಿನಲ್ಲಿ. ಇಬ್ಬರ ಕಣ್ಣೂ ಪೂರ್ತಿ ನಿಜವನ್ನು ಹೇಳುವುದಿಲ್ಲ. ನಿಕ್ಕಿಯ ಪಾತ್ರವನ್ನು ಧರಿಸಿದ ಸತೀಶ್ ನೀನಾಸಂ ಈ ಮಂಡ್ಯ ಜಿಲ್ಲೆಯವರೇ ಎಂಬುದನ್ನು ನೆನೆದಾಗ ಈ ಮಾತು ನಮಗೆ ಇನ್ನಷ್ಟು ಹತ್ತಿರವಾಗುತ್ತದೆ.

ಈ ಚಿತ್ರಕ್ಕೆ ಹಣ ಒದಗಿದುದು ಮುಖ್ಯವಾಗಿ ಸಾಮಾನ್ಯ ಪ್ರೇಕ್ಷಕರಿಂದ. ನೂರಕ್ಕೆ ಮಿಕ್ಕ ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. 2013ರ ಲಂಡನ್ ಭಾರತೀಯ ಚಲಚ್ಚಿತ್ರೋತ್ಸವದಲ್ಲಿ ಅದಕ್ಕೆ ದೊರೆತ ಪ್ರಶಸ್ತಿಯೂ ಪ್ರೇಕ್ಷಕರು ಆರಿಸಿ ಕೊಟ್ಟದ್ದೇ. ನಮ್ಮ ಜನಕ್ಕೆ ಸುಲಭವಾದುದೇ ಬೇಕೆಂದು ವಾದಿಸುವವರು ಈ ಸಂಗತಿಯನ್ನು ಗಮನಿಸಬೇಕು. ಸಂಜೆಯ ಹೊತ್ತು ಒಗಟು ಹೇಳಿ ಬೆಳೆದ ಜನ ನಾವು; ಉತ್ತರ ಬಲ್ಲ ಮಗುವೂ ಅದೇ ಒಗಟನ್ನು ಮತ್ತೆ ಕೇಳುತ್ತದೆ.