ಜಠರದ ಉರಿಗೆ ಹೊಣೆ ಯಾರು?
ಹೊಟ್ಟೆ ಉರಿದರೆ ನಮ್ಮಲ್ಲಿ ಮೊದಲ ಆರೋಪ ಮೆಣಸಿನಕಾಯಿಯ ಮೇಲೆ, ಎರಡನೆಯದು ಟೆನ್ಷನ್ ಮೇಲೆ. ವೈದ್ಯಲೋಕವೂ ಬಹುಕಾಲ ಒತ್ತಡವನ್ನೂ ಆಮ್ಲವನ್ನೂ ದೂರಿಕೊಂಡೇ ಇತ್ತು. ಅಂಥ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕೀತೆಂದು ನಂಬುವವರೇ ಇರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ ವೈದ್ಯ ರಾಬಿನ್ ವಾರೆನ್ ಉರಿಯೂತವಿದ್ದ ಜಠರಗಳ ಒಳಪೊರೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಗುರುತಿಸಿದರು; 1982ರಲ್ಲಿ ಇನ್ನೊಬ್ಬ ವೈದ್ಯ ಬ್ಯಾರಿ ಮಾರ್ಷಲ್ ಜತೆಗೂಡಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಆದರೂ ಉರಿಯೂತಕ್ಕೆ ಅದೇ ಕಾರಣವೇ ಎಂಬ ಅನುಮಾನ ಹೋಗಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿವಾಸನೆ. ಎಂಡೋಸ್ಕೋಪಿಯಲ್ಲಿ ಉರಿಯೂತ ಸ್ಪಷ್ಟ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಾಗೆಂದು ಎಲ್ಲ ಉರಿಯೂತಕ್ಕೂ ಈ ಹೆಲಿಕೋಬ್ಯಾಕ್ಟರ್ ಪೈಲೋರಿಯೇ ಕಾರಣವಲ್ಲ. ಮಂಡಿನೋವಿಗೆಂದು ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಜಠರದ ಗೋಡೆಯನ್ನು ಕಾಯುವ ಲೋಳೆಯನ್ನು ತೆಳುವಾಗಿಸುತ್ತವೆ. ಮದ್ಯ ಒಳಪೊರೆಯನ್ನು ನೇರವಾಗಿ ಕೆರಳಿಸುತ್ತದೆ. ಬೆಳಿಗ್ಗೆ ಎದ್ದೊಡನೆ ಪ್ಯಾಂಟೊಪ್ರಜೋಲ್ ನುಂಗುವ ರೂಢಿ ಈಗ ಮನೆಮನೆಯಲ್ಲಿದೆ. ಅದರಿಂದ ಆಮ್ಲ ತಗ್ಗೀತು, ಆರಾಮವೂ ಎನಿಸೀತು. ಒಳಗಿರುವ ಬ್ಯಾಕ್ಟೀರಿಯಾ ಮಾತ್ರ ತೊಲಗದು. ಅಷ್ಟೇ ಅಲ್ಲ, ಆ ಮಾತ್ರೆ ತಿನ್ನುತ್ತಲೇ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿದರೆ ಸೋಂಕಿದ್ದರೂ ಇಲ್ಲವೆಂಬ ವರದಿ ಬರಬಹುದು. ಹಾಗಾಗಿ ಅದನ್ನು ಎಂದು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಸೋಂಕಿದ್ದರೆ ಅವರು ಬರೆದುಕೊಟ್ಟ ಆಂಟಿಬಯಾಟಿಕ್ ಕೋರ್ಸ್ ನಡುವೆ ಬಿಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಜೀರಿಗೆ ಕಷಾಯ ಕುದಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.