ಮರವೇರುವವನ ಸಂಘ ಯಾರದು?

ಮಳೆಗಾಲ ಸಮೀಪಿಸಿತೆಂದರೆ ಮುಂಬಯಿಯ ಹೌಸಿಂಗ್ ಸೊಸೈಟಿಗಳ ಆಡಳಿತ ಸಮಿತಿಗಳಿಗೆ ಅಂಗಳದ ಮರಗಳ ನೆನಪಾಗುತ್ತದೆ. ಗುಲ್‌ಮೊಹರಿನ ಕೊಂಬೆ ಕಾರಿನ ಮೇಲೆ ಬಿದ್ದೀತೆಂಬ ಭಯ, ಮಳೆಮರ ತಂತಿಗೆ ತಾಗೀತೆಂಬ ಚಿಂತೆ. ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಪಾಲಿಕೆಗೆ ಅರ್ಜಿ ಹೋಗುತ್ತದೆ. ಅನುಮತಿ ಬಂದ ಮೇಲೆ ನಾಲ್ಕು ದರಪಟ್ಟಿ ತರಿಸಿ, ಎಲ್ಲಕ್ಕಿಂತ ಕಡಿಮೆ ಹೇಳಿದವನನ್ನು ಕರೆಯುತ್ತೇವೆ. ಅವನು ಹಗ್ಗ, ಗರಗಸ, ಮೂವರು ಆಳುಗಳೊಂದಿಗೆ ಬರುತ್ತಾನೆ. ಬರಿಗಾಲಿನ ತರುಣನೊಬ್ಬ ನಲವತ್ತು ಅಡಿ ಮೇಲೇರಿ ನಿಂತಾಗ ನಾವು ಕೆಳಗೆ ಕಾರುಗಳನ್ನು ಸರಿಸುತ್ತಿರುತ್ತೇವೆ. ಅವನು ಬಿದ್ದರೆ ಹೊಣೆ ಯಾರದೆಂದು ಯಾರೂ ಕೇಳುವುದಿಲ್ಲ.

ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ಕಾನೂನು ಈ ದೇಶಕ್ಕೆ 1923ರಲ್ಲಿಯೇ ಬಂದಿತ್ತು. ಆದರೆ ವಿಮೆ, ಶಿರಸ್ತ್ರಾಣ, ಸೊಂಟಪಟ್ಟಿಗಳಿಗೆ ಹಣ ಹಾಕಿದ ಸಣ್ಣ ಗುತ್ತಿಗೆದಾರನ ದರ ಏರುತ್ತದೆ. ಹಾಕದವನಿಗೆ ಕೆಲಸ ಸಿಗುತ್ತದೆ. ಈ ಪೈಪೋಟಿಯಲ್ಲಿ ಎಚ್ಚರಿಕೆಯೇ ನಷ್ಟದ ಬಾಬತ್ತು. ಇಂಥವರು ಒಂದು ವೃತ್ತಿಸಂಘ ಕಟ್ಟಿಕೊಂಡರೆ ಗತಿ ಸುಧಾರಿಸೀತೆ?

ಅಮೆರಿಕೆಯ ಅನುಭವ ಇಲ್ಲಿ ವಿಚಾರಯೋಗ್ಯವಾಗಿದೆ. ಅಲ್ಲಿ ಮರಪಾಲನೆಯ ಉದ್ಯಮಿಗಳು 1938ರಲ್ಲಿಯೇ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಇಂದು ಅದು ಟ್ರೀ ಕೇರ್ ಇಂಡಸ್ಟ್ರಿ ಅಸೋಸಿಯೇಷನ್. ಮರದ ತಲೆಯನ್ನು ಬೋಳಿಸಬಾರದು, ಕೊಂಬೆಯನ್ನು ಅದರ ಕೊರಳಿನ ಹೊರಗೆ ಕತ್ತರಿಸಬೇಕು ಎಂಬಂಥ ನಿಯಮಗಳ ‘ಎ300’ ಮಾನದಂಡವನ್ನು ಅದು ನಿರ್ವಹಿಸುತ್ತದೆ. ಸುರಕ್ಷತೆಗೆ ‘ಝಡ್133’ ಎಂಬ ಇನ್ನೊಂದು ಮಾನದಂಡವಿದೆ. ಎರಡೇ ಲಾರಿಗಳಿರುವ ಗುತ್ತಿಗೆದಾರ ಇಂಥದನ್ನು ತಾನೇ ರೂಪಿಸಲಾರ. ಗಿರಾಕಿಯ ಮುಂದೆ ಅದನ್ನು ತೋರಿಸಿ, ತನ್ನ ದರ ಏಕೆ ಹೆಚ್ಚೆಂದು ಹೇಳಬಲ್ಲ. ಇದು ನಿಜವಾದ ಲಾಭ.

ಆದರೆ ನಾಣ್ಯಕ್ಕೆ ಮತ್ತೊಂದು ಮುಖವಿದೆ. ಅದೇ ಉದ್ಯಮದಲ್ಲಿ 1880ರಲ್ಲಿ ಆರಂಭವಾದ ಡೇವಿ, 1928ರ ಆಸ್‌ಪ್ಲಂಧ್‌ನಂಥ, ಸಹಸ್ರಾರು ನೌಕರರ ಕಂಪನಿಗಳಿವೆ. ಸಭೆಗೆ ಪ್ರತಿನಿಧಿಯನ್ನು ಕಳಿಸುವ ಬಿಡುವು ದೊಡ್ಡವರಿಗಿದೆ. ಚಿಕ್ಕವನು ಆ ದಿನ ಮರದ ಮೇಲಿರುತ್ತಾನೆ. ಮಾನ್ಯತಾಪತ್ರದ ಕಾಗದಪತ್ರಗಳಿಗೆ ದೊಡ್ಡವರಲ್ಲಿ ಗುಮಾಸ್ತರಿದ್ದಾರೆ. ಚಿಕ್ಕವನಿಗೆ ರಾತ್ರಿಯ ನಿದ್ದೆಯೇ ಅದರ ಬೆಲೆ. ತಮ್ಮ ವೃತ್ತಿಗೇ ಪ್ರತ್ಯೇಕ ಸುರಕ್ಷಾ ನಿಯಮ ಬೇಕೆಂದು 2006ರಲ್ಲಿ ಸರಕಾರವನ್ನು ಕೇಳಿದ್ದು ಆ ಸಂಘವೇ ಎಂಬುದು ಶ್ಲಾಘ್ಯ. ನಿಯಮದ ಹೊರೆಯ ಬಗ್ಗೆ ಸಣ್ಣ ಉದ್ಯಮಗಳ ಅಭಿಪ್ರಾಯ ಕೇಳುವ ಸರಕಾರಿ ಸಮಿತಿ ಸೇರಿದ್ದು ಮಾತ್ರ 2020ರಲ್ಲಿ. ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಮಂದಿ ಮರವೇರಿ ಇಳಿದರೋ, ಎಷ್ಟು ಮಂದಿ ಇಳಿಯಲಿಲ್ಲವೋ!

ಆದುದರಿಂದ ಸಂಘ ಬೇಕೆ ಬೇಡವೆ ಎಂಬುದಕ್ಕಿಂತ, ಅದು ಯಾರ ಕೈಯಲ್ಲಿರಬೇಕೆಂಬುದೇ ಮುಖ್ಯ ಪ್ರಶ್ನೆ. ಹೊರನಾಡಿನಲ್ಲಿ ಹೋಟೆಲು ಕಟ್ಟಿ ಬೆಳೆದ ನಮ್ಮವರಿಗೆ ಇದು ಹೊಸ ಪಾಠವಲ್ಲ. ಪರವಾನಗಿಗಾಗಿ ಒಂಟಿಯಾಗಿ ಕಚೇರಿಯ ಮೆಟ್ಟಿಲು ಹತ್ತಿದವನಿಗೂ ಸಂಘದ ಹೆಸರಿನಲ್ಲಿ ಹತ್ತಿದವನಿಗೂ ಸಿಗುವ ಮರ್ಯಾದೆಯ ಅಂತರವನ್ನು ಅವರು ಬಲ್ಲರು. ವೇದಿಕೆಯ ಮೇಲಿನ ಕುರ್ಚಿಗಳು ಐಶ್ವರ್ಯಕ್ಕನುಗುಣವಾಗಿ ಹಂಚಿಹೋಗುವುದನ್ನೂ ಬಲ್ಲರು. ವರ್ಗಣಿ ಆದಾಯಕ್ಕೆ ತಕ್ಕಂತಿರಲಿ, ಮತ ಎಲ್ಲರಿಗೂ ಒಂದೇ ಇರಲಿ, ತರಬೇತಿ ಸಭಾಗೃಹದಲ್ಲಲ್ಲ, ಮರದಡಿಯಲ್ಲಿ, ಕೆಲಸಗಾರನ ಭಾಷೆಯಲ್ಲಿ ನಡೆಯಲಿ. ಈ ಮೂರಿಲ್ಲದ ಸಂಘ ಚಿಕ್ಕವನ ಹೆಸರಿನಲ್ಲಿ ದೊಡ್ಡವನ ಕೆಲಸ ಮಾಡುತ್ತದೆ.

ಸಂಘ ಹುಟ್ಟುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಈ ಪತ್ರಿಕೆಯ ಓದುಗರಲ್ಲಿ ಸೊಸೈಟಿಯ ಕಾರ್ಯದರ್ಶಿಗಳಿದ್ದಾರೆ, ಖಜಾಂಚಿಗಳಿದ್ದಾರೆ. ಮುಂದಿನ ದರಪಟ್ಟಿಯಲ್ಲಿ ವಿಮೆಯ ದಾಖಲೆಯನ್ನೂ ಸುರಕ್ಷಾ ಪಟ್ಟಿಯನ್ನೂ ಕೇಳೋಣ. ಅದಕ್ಕೆ ತಗಲುವ ಹೆಚ್ಚಿನ ಹಣವನ್ನು ಗೊಣಗದೆ ಕೊಡೋಣ. ಕಡಿಮೆ ದರವನ್ನೇ ಹುಡುಕುವ ನಾವೂ ಆ ಬರಿಗಾಲಿನ ತರುಣನನ್ನು ಮರಕ್ಕೆ ಹತ್ತಿಸಿದವರೇ.